ಕರೆಗಂಟೆಯಲ್ಲಿ ಕೇಳಿದ ಜ್ವರ

ಹೋದ ವಾರ ನೆರೆಮನೆಯವರಿಗೆ ಸ್ವಲ್ಪ ಬಿಸಿಬೇಳೆಬಾತ್ ಕೊಡೋಣವೆಂದು ಹೋಗಿ ಅವರ ಕರೆಗಂಟೆ ಒತ್ತಿದೆ. ಬಾಗಿಲು ತೆರೆಯಲಿಲ್ಲ, ಗಂಟೆಯೇ ಮಾತಾಡಿತು. “ಶುಭಾ, ನಾವು ಹೊರಗಿದೀವಿ, ಅಲ್ಲೇ ಇಟ್ಬಿಡಿ ಪ್ಲೀಸ್,” ಎಂದಿತು ಮನೆಯಾಕೆಯ ದನಿ, ಯಾವುದೋ ಅಂಗಡಿಯ ಗದ್ದಲದ ನಡುವಿನಿಂದ. ಡಬ್ಬಿಯನ್ನು ಕಾಲೊರಸಿನ ಮೇಲಿಟ್ಟೆ. ಮುಚ್ಚಳದ ಸಂದಿಯಿಂದ ಇಂಗಿನ ವಾಸನೆ ಬರುತ್ತಿತ್ತು. ಅಲ್ಲೇ ಎಷ್ಟು ಹೊತ್ತು ನಿಂತೆನೋ, ಗಂಟೆ ಮತ್ತೆ ಕೇಳಿತು: “ಎಲ್ಲಾ ಓಕೆ ತಾನೆ, ಶುಭಾ?”

2022ರ ಆ ಮೂರು ತಿಂಗಳನ್ನು ಬರೆಯಲು ಕೂತಾಗಲೆಲ್ಲ ಅದು ನನ್ನ ಕೈಯಲ್ಲಿ ತೀರ ನಯವಾದ ಕಥೆಯಾಗಿಬಿಡುತ್ತದೆ. ಮುನಿಸಿಕೊಂಡ ಹೆಂಡತಿ, ದೂರದ ಬೆಟ್ಟದ ಊರು, ಅಲ್ಲಿ ಮನಸ್ಸು ತಿಳಿಯಾಗುವುದು, ಆಮೇಲೆ ವಾಪಸ್ಸು. ಹಾಗಾಗಲಿಲ್ಲ. ಮನಸ್ಸು ತಿಳಿಯಾದ ದಿನ ಒಂದೂ ನನಗೆ ನೆನಪಿಲ್ಲ. ನೆನಪಿರುವುದನ್ನು ಗಂಡ ಗಿರೀಶ್ ಬೇರೆಯಾಗಿ ಹೇಳುತ್ತಾರೆ, ಮಗಳು ನಿಧಿ ಇನ್ನೂ ಬೇರೆಯಾಗಿ ಹೇಳುತ್ತಾಳೆ. ಯಾರು ಸರಿ ಎಂದು ತೀರ್ಮಾನಿಸುವ ಆಸೆ ನನಗೆ ಹೊರಟುಹೋಗಿದೆ.

ಆಗ ನಮ್ಮ ಮನೆ ನಾರ್ತ್ ಕ್ಯಾರೊಲಿನಾದ ಮಾರಿಸ್‌ವಿಲ್‌ನಲ್ಲಿತ್ತು, ಒಂದಕ್ಕೊಂದು ಅಂಟಿಕೊಂಡ ಟೌನ್‌ಹೌಸ್‌ಗಳ ಸಾಲಿನಲ್ಲಿ ಕೊನೆಯದು. ನಾನು ಡರ್ಹಮ್‌ನ ಒಂದು ಕಂಪನಿಗೆ ರೋಗಿಗಳ ದಾಖಲೆಗಳನ್ನು ಜೋಡಿಸುವ ಕೆಲಸ ಮಾಡುತ್ತಿದ್ದೆ, ಮನೆಯಿಂದಲೇ. ಗಿರೀಶ್ ಅದರ ಹಿಂದಿನ ವರ್ಷ ವರ್ಜೀನಿಯಾದ ಶ್ಯಾಂಟಿಲಿಯಲ್ಲಿ ಸರ್ಕಾರಿ ಕಾಂಟ್ರ್ಯಾಕ್ಟಿನ ಕೆಲಸ ಹಿಡಿದಿದ್ದರು. ಅದಕ್ಕೆ ಆಫೀಸಿಗೆ ಹೋಗಲೇಬೇಕು. ಅಲ್ಲೊಂದು ಸಣ್ಣ ಅಪಾರ್ಟ್‌ಮೆಂಟ್ ಹಿಡಿದು, ಶುಕ್ರವಾರ ನಾಲ್ಕೂವರೆ ಗಂಟೆ ಕಾರು ಓಡಿಸಿಕೊಂಡು ಬಂದು, ಭಾನುವಾರ ಹೊರಡುತ್ತಿದ್ದರು. ಬಂದ ಒಂದೂವರೆ ದಿನದಲ್ಲಿ ನಾವು ಡಿಶ್‌ವಾಷರ್‌ಗೆ ಪಾತ್ರೆ ಜೋಡಿಸುವ ರೀತಿಯ ಬಗ್ಗೆ ಜಗಳವಾಡುತ್ತಿದ್ದೆವು. ನಂತರ ಅದರ ಬಗ್ಗೆಯೂ ಆಡುವುದನ್ನು ಬಿಟ್ಟೆವು.

ಆಗಸ್ಟಿನಲ್ಲಿ ನಿಧಿಯನ್ನು ಅಟ್ಲಾಂಟಾದ ಕಾಲೇಜಿಗೆ ಬಿಟ್ಟು ಇಬ್ಬರೇ ಮರಳುತ್ತಿದ್ದೆವು. ಸೌತ್ ಕ್ಯಾರೊಲಿನಾದಲ್ಲಿ ಹೆದ್ದಾರಿಯ ಪಕ್ಕ ಪೀಚ್ ಹಣ್ಣಿನ ಆಕಾರದ ನೀರಿನ ಟ್ಯಾಂಕೊಂದಿದೆ. ಅದು ಕಂಡಾಗ ಗಿರೀಶ್ ಹೇಳಿದರು: “ಸ್ವಲ್ಪ ದಿನ ಬೇರೆ ಇದ್ದು ನೋಡೋಣ್ವಾ?”

“ಈಗೇನು ಒಟ್ಟಿಗಿದೀವಾ?”

“ಹಾಗಲ್ಲ ಶುಭಾ.”

ಆ ಮೊದಲ ಮಾತು ಆಡಿದ್ದು ನಾನು, “ಈಗೇನು ಒಟ್ಟಿಗಿದೀವಾ” ಎಂದದ್ದು ತಾವು, ಎನ್ನುತ್ತಾರೆ ಗಿರೀಶ್. ಟ್ಯಾಂಕಿನ ಬಗ್ಗೆ ಮಾತ್ರ ಇಬ್ಬರಿಗೂ ಒಮ್ಮತವಿದೆ. ಮನೆ ಮುಟ್ಟುವಷ್ಟರಲ್ಲಿ ಒಪ್ಪಂದವಾಗಿತ್ತು. ಮೂರು ತಿಂಗಳು ಫೋನಿಲ್ಲ, ಬರುವುದಿಲ್ಲ, ಯಾರಿಗೂ ಹೇಳುವುದಿಲ್ಲ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಇಬ್ಬರೂ ಒಂದು ಉತ್ತರ ಹೇಳಬೇಕು: ಜೊತೆಗಿರುತ್ತೇವೋ ಇಲ್ಲವೋ.

ಆದರೆ ಮಾರಿಸ್‌ವಿಲ್‌ನಲ್ಲಿ ಕೂತು ಯಾರಿಗೂ ಹೇಳದೆ ಇರುವುದು ಹೇಗೆ? ದೇವಸ್ಥಾನದಲ್ಲಿ, ಇಂಡಿಯನ್ ಅಂಗಡಿಯ ಕರಿಬೇವಿನ ಮುಂದೆ, ಎಲ್ಲಿ ಹೋದರೂ “ಗಿರೀಶ್ ಈ ವೀಕೆಂಡ್ ಬರ್ಲಿಲ್ವಾ?” ಎಂಬ ಪ್ರಶ್ನೆ. ನಮ್ಮ ಆಫೀಸಿನ ಮ್ಯಾನೇಜರ್‌ಗೆ ನಾನು ಎಲ್ಲಿದ್ದರೂ ಚಿಂತೆಯಿರಲಿಲ್ಲ, ಅವರ ಗಂಟೆಗಳಲ್ಲಿ ಸಿಕ್ಕಿದರೆ ಸಾಕು. ಅಮೆರಿಕದ ಪಾಸ್‌ಪೋರ್ಟಿಗೆ ಯುರೋಪಿನಲ್ಲಿ ವೀಸಾ ಇಲ್ಲದೆ ತೊಂಬತ್ತು ದಿನ. ನಾನು ಹುಡುಕಿದ್ದು ಎರಡೇ ವಿಷಯ: ಇಂಟರ್ನೆಟ್ ಇರಬೇಕು, ಕನ್ನಡದವರು ಇರಬಾರದು. ಪೋರ್ಚುಗಲ್ಲಿನಲ್ಲಿ, ಸ್ಪೇನಿನ ಗಡಿಯ ಕಡೆಯ ಗುಡ್ಡಗಳಲ್ಲಿ ಒಂದು ಪುಟ್ಟ ಊರು ಸಿಕ್ಕಿತು. ಅದರ ಹೆಸರನ್ನು ಅಲ್ಲಿನವರು ಮೂಗಿನಲ್ಲಿ ಹೇಳುತ್ತಿದ್ದ ಹಾಗೆ ನನಗೆ ಒಮ್ಮೆಯೂ ಹೇಳಲು ಬರಲಿಲ್ಲ.

ಮಾರಿಸ್‌ವಿಲ್ ಮನೆಯ ಎರಡು ದೀಪಗಳನ್ನು ಸಂಜೆ ತಾವಾಗಿಯೇ ಹತ್ತುವಂತೆ ಮಾಡಿ, ಕಾರನ್ನು ಗ್ಯಾರೇಜಿಗೆ ಸೇರಿಸಿ, ಬಾಗಿಲ ಗಂಟೆಯ ಕ್ಯಾಮೆರಾ ಫೋನಿಗೆ ಬರುತ್ತಿದೆಯೇ ಎಂದು ನೋಡಿಕೊಂಡು ಹೊರಟೆ. ನಿಧಿಗೆ ಆಫೀಸಿನವರು ಕಳಿಸುತ್ತಿದ್ದಾರೆ ಎಂದು ಹೇಳಿದ್ದೆ.

ಆ ಊರು ಎಷ್ಟು ಮೌನವಾಗಿತ್ತೆಂದರೆ ನನ್ನ ಲ್ಯಾಪ್‌ಟಾಪಿನ ಫ್ಯಾನು ತಿರುಗುವುದು ನನಗೆ ಮೊದಲ ಸಲ ಕೇಳಿಸಿತು. ಮಧ್ಯಾಹ್ನ ಅಂಗಡಿಗಳು ಮುಚ್ಚುತ್ತಿದ್ದವು. ಬೀದಿಯಲ್ಲಿ ಎದುರಾದವರೆಲ್ಲ ನಮಸ್ಕಾರ ಹೇಳಿ ಮುಂದೆ ಏನನ್ನೂ ಕೇಳದೆ ಹೋಗುತ್ತಿದ್ದರು. ಮೊದಲ ವಾರ ಅದು ಸುಖವಾಗಿತ್ತು. ಎರಡನೆಯ ವಾರ ಯಾರಾದರೂ ಕೇಳಬಾರದೇ ಅನಿಸಿತು. ಚರ್ಚಿನ ಗಂಟೆ ಪ್ರತಿ ಹೊತ್ತನ್ನೂ ಎರಡು ಸಲ ಹೊಡೆಯುತ್ತಿತ್ತು. ನಾಲ್ಕು ಹೊಡೆದು, ಎರಡು ನಿಮಿಷ ಬಿಟ್ಟು ಮತ್ತೆ ನಾಲ್ಕು. ಮೊದಲ ಸಲ ಎಣಿಸಲು ಮರೆತವರಿಗಾಗಿ ಅಂತೆ. ನನ್ನ ಕೆಲಸ ಶುರುವಾಗುತ್ತಿದ್ದದ್ದು ಅಲ್ಲಿಯ ಮಧ್ಯಾಹ್ನ ಎರಡಕ್ಕೆ, ಡರ್ಹಮ್‌ನ ಬೆಳಿಗ್ಗೆ ಒಂಬತ್ತಕ್ಕೆ. ಗಡಿಯಾರ ಬದಲಿಸುವ ಮನಸ್ಸಾಗಲಿಲ್ಲ. ಕೈಯಲ್ಲಿ ಮಾರಿಸ್‌ವಿಲ್ ಗಂಟೆ, ಕಿವಿಯಲ್ಲಿ ಈ ಊರಿನ ಗಂಟೆ, ಅದೂ ಎರಡೆರಡು ಸಲ. ಊಟ ಮಾಡಿದೆನೋ ಇಲ್ಲವೋ ಎಂದು ಅನುಮಾನವಾಗಿ ತಟ್ಟೆ ಹುಡುಕಿದ್ದೂ ಉಂಟು.

ಮನೆಯೊಡತಿ ಅಲ್ಸಿರಾ ಎಪ್ಪತ್ತು ದಾಟಿದ ಹೆಂಗಸು, ಕೆಳಗಿನ ಮನೆಯಲ್ಲಿ ಕೋಳಿಗಳ ಜೊತೆ ಇದ್ದಳು. ಅವಳಿಗೆ ಇಂಗ್ಲಿಷ್ ಬಾರದು. ನಾನು ಬಟ್ಟೆ ಒಣಹಾಕುವಾಗ ಬಂದು ಹಗ್ಗವನ್ನೇ ನೋಡುತ್ತಿದ್ದಳು. ಎಲ್ಲ ಒಬ್ಬಳದೇ ಬಟ್ಟೆ. ಒಂದು ದಿನ ತನ್ನ ಉಂಗುರದ ಬೆರಳನ್ನು ತಟ್ಟಿ, ಕೈ ಎತ್ತಿ, ಎಲ್ಲಿ ಎಂದು ಸನ್ನೆ ಮಾಡಿದಳು. ನಾನು ಪಶ್ಚಿಮಕ್ಕೆ ತೋರಿಸಿದೆ. ಅವಳು ಆ ದಿಕ್ಕನ್ನು ನೋಡಿದಳು, ಅಲ್ಲಿ ಬೆಟ್ಟವಿತ್ತು. ತಲೆ ಅಲ್ಲಾಡಿಸಿ ಒಳಗೆ ಹೋಗಿ ನಾಲ್ಕು ಮೊಟ್ಟೆ ತಂದುಕೊಟ್ಟಳು. ಗಂಡ ಸತ್ತಿದ್ದಾನೆ ಎಂದು ತಿಳಿದಳೋ ಏನೋ. ತಿದ್ದುವಷ್ಟು ಭಾಷೆ ನನ್ನಲ್ಲಿರಲಿಲ್ಲ, ತಿದ್ದಿ ಏನು ಹೇಳಬೇಕೆಂದೂ ಗೊತ್ತಿರಲಿಲ್ಲ.

ನವರಾತ್ರಿ ಬಂತು. ಮಾರಿಸ್‌ವಿಲ್‌ನಲ್ಲಿ ನಮ್ಮಿಂದ ನಾಲ್ಕು ಬಾಗಿಲಾಚೆ ವತ್ಸಲಾ ಆಂಟಿ ಇದ್ದರು. ಮೈಸೂರಿನವರು, ಮಗ ಸೊಸೆಯ ಜೊತೆ ವಾಸ, ಅರವತ್ತೆಂಟರ ವಯಸ್ಸು, ಕಾರು ಓಡಿಸಲು ಬಾರದು. ಪ್ರತಿ ವರ್ಷ ಅವರ ಬೊಂಬೆಗಳ ಮೆಟ್ಟಿಲು ಜೋಡಿಸುವುದು ನಾನು. ಈ ಸಲ ಆಫೀಸಿನ ಕೆಲಸ ಜಾಸ್ತಿ ಎಂದು ಫೋನಿನಲ್ಲಿ ಎರಡು ಸಲ ತಪ್ಪಿಸಿಕೊಂಡಿದ್ದೆ. ಮೂರನೆಯ ದಿನ ಮಾರಿಸ್‌ವಿಲ್‌ನ ಬೆಳಿಗ್ಗೆ ಹನ್ನೊಂದು ಗಂಟೆಗೆ, ಪೋರ್ಚುಗಲ್ಲಿನಲ್ಲಿ ನಾನು ಮೀಟಿಂಗಿನ ನಡುವೆ ಇದ್ದಾಗ, ಫೋನು ಕುಣಿಯಿತು. ತೆರೆಯ ತುಂಬ ಆಂಟಿಯ ಮುಖ, ಕ್ಯಾಮೆರಾಕ್ಕೆ ತೀರ ಹತ್ತಿರ, ಮೂಗುಬೊಟ್ಟು ಕಾಣುವಷ್ಟು. ಕೈಯಲ್ಲಿ ತಾಂಬೂಲದ ತಟ್ಟೆ, ರವಿಕೆಬಟ್ಟೆ.

“ಶುಭಾ, ಬಾಗ್ಲು ತೆಗಿಯೇ. ಕುಂಕುಮ ಇಡ್ಬೇಕು.”

ನಾನು ಮೀಟಿಂಗಿನ ಮೈಕು ಆರಿಸಿ, ಫೋನಿನಲ್ಲಿ ಗಂಟೆಯ ಮೂಲಕ ಮಾತಾಡುವ ಗುಂಡಿ ಒತ್ತಿದೆ. “ಆಂಟಿ, ಹತ್ರ ಬರ್ಬೇಡಿ. ನಂಗೆ ಕೋವಿಡ್ ಆಗಿದೆ.”

ಅದು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಊರಲ್ಲಿಲ್ಲ ಎಂದರೆ ಎಲ್ಲಿ ಎನ್ನುತ್ತಿದ್ದರು, ಗಿರೀಶ್ ಜೊತೆಗಾ ಎನ್ನುತ್ತಿದ್ದರು. ಆಂಟಿ ಎರಡು ಹೆಜ್ಜೆ ಹಿಂದೆ ಸರಿದು ಸೆರಗಿನಿಂದ ಮೂಗು ಮುಚ್ಚಿಕೊಂಡರು.

“ಅಯ್ಯೋ ಶಿವನೇ. ಒಬ್ಳೇ ಇದೀಯಾ? ಜ್ವರ ಎಷ್ಟಿದೆ?”

“ಒಂದು ನೂರು.”

“ದನಿ ಬಾವಿಯೊಳಗಿಂದ ಬಂದ ಹಾಗಿದೆ ಕಣೇ. ನೀನು ಏನೂ ಮಾಡ್ಬೇಡ, ಮಲಕ್ಕೋ. ಮಧ್ಯಾಹ್ನಕ್ಕೆ ಮೆಣಸಿನ ಸಾರು ಅನ್ನ ಇಲ್ಲೇ ಇಟ್ಟೋಗ್ತೀನಿ.”

“ಬೇಡ ಆಂಟಿ…”

“ಸುಮ್ನಿರು.”

ಆಗ ನನ್ನ ತಪ್ಪಿನ ಅಳತೆ ತಿಳಿಯಿತು. ನಮ್ಮವರಲ್ಲಿ ಕಾಯಿಲೆ ಎಂದರೆ ದೂರವಿಡುವುದಲ್ಲ, ಅಡುಗೆ ಶುರುಮಾಡುವುದು. ಒಂದು ಗಂಟೆಗೆ ಡಬ್ಬಿ ಬಾಗಿಲಲ್ಲಿ ಬಂದು ಕೂತಿತು. ಎರಡಕ್ಕೂ ಅಲ್ಲೇ ಇತ್ತು, ಮೂರಕ್ಕೂ ಅಲ್ಲೇ ಇತ್ತು. ಅದು ಹಾಗೇ ಉಳಿದರೆ ಸಂಜೆಗೆ ಆಂಟಿ ಮಗನನ್ನು ಕಳಿಸುತ್ತಾರೆ, ಅವನು ಬಾಗಿಲು ತಟ್ಟಿ ಉತ್ತರ ಬಾರದಿದ್ದರೆ ಆಂಬುಲೆನ್ಸ್ ಕರೆಯುತ್ತಾನೆ. ಆರು ವಾರ ಪಾಲಿಸಿದ್ದ ಒಪ್ಪಂದ ಮುರಿದು ಗಿರೀಶ್‌ಗೆ ಮೆಸೇಜ್ ಮಾಡಿದೆ. ನಡೆದದ್ದಷ್ಟನ್ನೂ ಬರೆದೆ. ನಾನು ಪೋರ್ಚುಗಲ್ಲಿನಲ್ಲಿ ಇದ್ದೇನೆಂಬುದು ಕೂಡ ಅವರಿಗೆ ಆಗಲೇ ತಿಳಿದದ್ದು. ಬಂದ ಉತ್ತರ ಒಂದೇ ಪದ: “ಸರಿ.”

ಅಂದು ಸಂಜೆಯ ಮಟ್ಟಿಗೆ ನಾನೇ ಆಂಟಿಗೆ ಫೋನ್ ಮಾಡಿ, ಮಲಗಿಬಿಟ್ಟಿದ್ದೆ, ಈಗ ತಗೊಳ್ತೀನಿ ಎಂದೆ. ಮರುದಿನ ಅಲ್ಲಿಯ ಬೆಳಿಗ್ಗೆ ಒಂಬತ್ತಕ್ಕೆ ಕ್ಯಾಮೆರಾದಲ್ಲಿ ಗಿರೀಶ್ ಕಂಡರು. ಕತ್ತಲಿರುವಾಗಲೇ ಶ್ಯಾಂಟಿಲಿ ಬಿಟ್ಟಿರಬೇಕು. ಗಡ್ಡ ಬಂದಿತ್ತು. ನಿನ್ನೆಯ ಡಬ್ಬಿ ಎತ್ತಿಕೊಂಡು, ಮುಚ್ಚಳ ತೆಗೆದು ಮೂಸಿ, ಮೆಟ್ಟಿಲ ಮೇಲೆ ಕೂತು ಆ ತಣ್ಣಗಿನ ಸಾರನ್ನು ಹಾಗೇ ಕುಡಿದರು. ಹಳಸಿರಲಿಲ್ಲವೇ ಎಂದು ಆಮೇಲೆ ಕೇಳಿದಾಗ, ಅಲ್ಲಿ ಕೂತು ಕುಡಿಯಲೇ ಇಲ್ಲ, ಸಿಂಕಿಗೆ ಚೆಲ್ಲಿದೆ, ಎಂದರು. ಕ್ಯಾಮೆರಾದ ಚಿತ್ರಗಳು ಅರವತ್ತು ದಿನಕ್ಕೆ ತಾವೇ ಅಳಿಸಿಹೋಗುತ್ತವೆ. ನನ್ನ ಹತ್ತಿರ ಸಾಕ್ಷಿಯಿಲ್ಲ.

ಅವರು ರಜೆ ಹಾಕಿ ಐದು ದಿನ ಅಲ್ಲೇ ಉಳಿದರು. ಆಂಟಿ ದಿನಾ ಒಂದಕ್ಕೆ ಡಬ್ಬಿ ತಂದು ಮೆಟ್ಟಿಲ ಕೆಳಗೆ ನಿಲ್ಲುತ್ತಿದ್ದರು. ಗಿರೀಶ್ ಮಾಸ್ಕ್ ಹಾಕಿಕೊಂಡು ಬಾಗಿಲಿಗೆ ಬರುತ್ತಿದ್ದರು. ನಾನು ಆರು ಗಂಟೆಯ ಬಿಸಿಲಿನಲ್ಲಿ, ಅಲ್ಸಿರಾಳ ಕೋಳಿಗಳ ಸದ್ದಿನ ನಡುವೆ, ಫೋನನ್ನು ಕಿವಿಗೊತ್ತಿ ಕೇಳುತ್ತಿದ್ದೆ.

“ಹೇಗಿದಾಳಪ್ಪಾ?”

“ಬೆಳಿಗ್ಗೆ ಜ್ವರ ಇಳಿದಿತ್ತು ಆಂಟಿ, ಈಗ ಮತ್ತೆ ಸ್ವಲ್ಪ ಇದೆ. ಒಂದು ಲೋಟ ಮಜ್ಜಿಗೆ ಕುಡಿದ್ಲು.”

“ಮಾತಾಡ್ತಾಳಾ?”

“ಕಮ್ಮಿ. ನಿಧಿ ಸಣ್ಣವಳಿದ್ದಾಗಿನ ಸ್ವೆಟರ್ ಬೇಕು ಅಂದ್ಲು, ಕಾಲಿಗೆ ಸುತ್ಕೊಳಕ್ಕೆ. ಹುಡುಕಿಕೊಟ್ಟೆ.”

ನಾನು ಹಾಗೆ ಕೇಳಿರಲಿಲ್ಲ. ಕೇಳಲು ನಾನು ಅಲ್ಲಿರಲೇ ಇಲ್ಲ. ಆದರೆ ಜ್ವರ ಬಂದಾಗ ನನ್ನ ಕಾಲು ತಣ್ಣಗಾಗುವುದು ನಿಜ, ಹಾಗೆ ಏನಾದರೂ ಸುತ್ತಿಕೊಳ್ಳುವುದೂ ನಿಜ. ಅದನ್ನು ಅವರು ಗಮನಿಸಿದ್ದಾರೆಂದು ನನಗೆ ತಿಳಿದಿರಲಿಲ್ಲ. ಆ ಗಂಟೆ ನನ್ನ ಫೋನಿಗೆ ಬರುತ್ತದೆಂದು ಗಿರೀಶ್‌ಗೆ ಚೆನ್ನಾಗಿ ಗೊತ್ತು, ಅದನ್ನು ಗೋಡೆಗೆ ಕೂರಿಸಿದ್ದೇ ಅವರು. ಹಾಗಾದರೆ ಅವರು ಮಾತಾಡುತ್ತಿದ್ದದ್ದು ಆಂಟಿಯ ಜೊತೆಯೋ ನನ್ನ ಜೊತೆಯೋ? ಅಥವಾ ಒಳಗೆ ಮಲಗಿದ್ದ, ಸುಮ್ಮನಿದ್ದ, ಮಜ್ಜಿಗೆ ಕುಡಿಯುತ್ತಿದ್ದ ಆ ಇನ್ನೊಬ್ಬಳೇ ಅವರಿಗೆ ಬೇಕಾಗಿದ್ದಳೋ? ಅವಳ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಎರಡನೆಯ ದಿನ ಗಿರೀಶ್ ಮೆಸೇಜ್ ಬಂತು: “ಡಬ್ಬಿ ಖಾಲಿ ವಾಪಸ್ ಕೊಡಬಾರದು ಅಲ್ವಾ? ಏನು ಹಾಕಲಿ?”

“ಸಕ್ಕರೆ.”

“ಎಲ್ಲಿದೆ?”

“ಒಲೆ ಪಕ್ಕ, ಎರಡನೇ ಶೆಲ್ಫ್.”

“ಅದು ಉಪ್ಪು.”

“ಅದರ ಹಿಂದೆ.”

ಹದಿನಾಲ್ಕು ತಿಂಗಳ ಶನಿವಾರಗಳಲ್ಲಿ ನಾವು ಇಷ್ಟು ಸಲೀಸಾಗಿ ಮಾತಾಡಿರಲಿಲ್ಲ. ಮರುದಿನ ಬಾಳೆಹಣ್ಣು, ಅದರ ಮರುದಿನ ದ್ರಾಕ್ಷಿ. ಒಂದು ಡಬ್ಬಿಗೆ ಏನು ಹಾಕಬೇಕೆಂದು ನಾವು ಅರ್ಧ ಗಂಟೆ ಚರ್ಚಿಸಿದ್ದುಂಟು. ನನ್ನ ಕೆಲಸ ಬಾಕಿ ಬಿತ್ತು.

ಇಲ್ಲೊಂದು ಕಡೆ ನನ್ನ ನೆನಪು ಕೈಕೊಡುತ್ತದೆ. ಆ ದಿನಗಳಲ್ಲೇ ನನಗೆ ನಿಜವಾಗಿಯೂ ಜ್ವರ ಬಂದಿತ್ತು ಎಂದು ನನಗೆ ಗಟ್ಟಿಯಾಗಿ ನೆನಪಿದೆ. ಉಣ್ಣೆಯ ಕಂಬಳಿಯ ಚುಚ್ಚು, ಅಲ್ಸಿರಾ ತಂದ ಬೆಳ್ಳುಳ್ಳಿಯ ಸೂಪು, ಎರಡು ಸಲ ಹೊಡೆಯುವ ಗಂಟೆ ನಾಲ್ಕು ಸಲ ಹೊಡೆದಂತೆ ಕೇಳಿಸಿದ್ದು. ಆದರೆ ಆ ವಾರ ನಾನು ಒಂದು ದಿನವೂ ಸಿಕ್ ಲೀವ್ ಹಾಕಿರಲಿಲ್ಲ. ನಿಧಿಗೆ ಆಗ ವಿಡಿಯೊ ಕಾಲ್‌ನಲ್ಲಿ ಎಲ್ಲವನ್ನೂ ಹೇಳಿಬಿಟ್ಟಿದ್ದೆ, ಅವಳು ನಕ್ಕು ನಕ್ಕು ಆಮೇಲೆ ನಗು ನಿಲ್ಲಿಸಿದ್ದಳು.

“ಅಮ್ಮಾ, ದಟ್ಸ್ ಸೋ ವಿಯರ್ಡ್. ನೀನು ಡೋರ್‌ಬೆಲ್‌ನಲ್ಲಿ ಅಪ್ಪನ್ನ ಸ್ಪೈ ಮಾಡ್ತಾ ಇದೀಯಾ?”

“ನಂಗೆ ಹುಷಾರಿಲ್ಲ ಕಣೇ.”

“ನೋ, ನೀನು ಫೈನ್ ಕಾಣ್ತೀಯಾ. ನೀವಿಬ್ರೂ ಡಿವೋರ್ಸ್ ಮಾಡ್ತೀರಾ? ಜಸ್ಟ್ ಟೆಲ್ ಮಿ.”

“ಗೊತ್ತಿಲ್ಲ.”

“ಹೌ ಕೆನ್ ಯೂ ನಾಟ್ ನೋ?”

ನಾನು ಚೆನ್ನಾಗಿಯೇ ಇದ್ದೆ, ಕೆನ್ನೆ ಕೆಂಪಗಿತ್ತು, ಎಂದು ಅವಳು ಈಗಲೂ ಹೇಳುತ್ತಾಳೆ. ಗಿರೀಶ್ ಹೇಳಿದ ಜ್ವರವನ್ನು ನಾನು ತೆಗೆದುಕೊಂಡೆನೋ ಏನೋ.

ಐದನೆಯ ದಿನ ಅವರು ನನ್ನನ್ನು ಗುಣಪಡಿಸಿದರು. “ಟೆಸ್ಟ್ ನೆಗೆಟಿವ್ ಬಂತು ಆಂಟಿ, ಆದ್ರೂ ಸುಸ್ತು, ಇನ್ನೊಂದು ವಾರ ಯಾರ್ನೂ ನೋಡಲ್ಲ ಅಂತಾಳೆ,” ಎಂದು ಕ್ಯಾಮೆರಾದ ಮುಂದೆ ಹೇಳಿ, ಆಂಟಿ ಹೋದ ಮೇಲೆ ಕೊನೆಯ ಡಬ್ಬಿ ಹಿಂತಿರುಗಿಸಲು ಆಂಟಿಯ ಮನೆಯ ಕಡೆ ನಡೆದರು. ಚೌಕಟ್ಟಿನಿಂದ ಹೊರಗೆ ಹೋದರು. ತುಂಬ ಹೊತ್ತು ಬರಲಿಲ್ಲ. ಖಾಲಿ ಮೆಟ್ಟಿಲನ್ನು ನೋಡುತ್ತ ಕೂತಿದ್ದೆ, ಒಂದು ಅಳಿಲು ಬಂದು ಹೋಯಿತು. ಆಮೇಲೆ ಬಂದು ಕಾರು ಹತ್ತಿ ಶ್ಯಾಂಟಿಲಿಗೆ ಹೊರಟರು, ಕ್ಯಾಮೆರಾವನ್ನು ನೋಡದೆ.

ಅಕ್ಟೋಬರ್ ಕಳೆಯಿತು. ಆಂಟಿಯ ಫೋನು ಬಂದಾಗಲೆಲ್ಲ ಮತ್ತೆ ಆಫೀಸಿನ ಕೆಲಸದ ನೆಪವನ್ನೇ ಹೇಳಿದೆ. ಗುಡ್ಡದಿಂದ ಸೌದೆಯ ಹೊಗೆ ಇಳಿದು ಬಟ್ಟೆಗೆಲ್ಲ ಅಂಟುತ್ತಿತ್ತು. ಊರಿನವರು ಮರಗಳ ಕೆಳಗೆ ಬಲೆ ಹಾಸಿ ಆಲಿವ್ ಕಾಯಿ ಬಡಿದು ಉದುರಿಸುತ್ತಿದ್ದರು. ಒಂದು ಶನಿವಾರ ಅಲ್ಸಿರಾಳ ಜೊತೆ ನಾನೂ ಹೋಗಿ ಬೆನ್ನು ಹಿಡಿಸಿಕೊಂಡು ಬಂದೆ. ಗಿರೀಶ್ ಮತ್ತೆ ಮೌನವಾಗಿದ್ದರು. ಒಪ್ಪಂದದ ಪ್ರಕಾರ ಅದು ಸರಿ, ಆದರೆ ಈಗ ಆ ಮೌನ ಬೇರೆಯದಾಗಿ ಕೇಳಿಸುತ್ತಿತ್ತು. ತಡೆಯಲಾರದೆ ಫೋನ್ ಮಾಡಿದೆ.

“ರೀ, ಯಾಕೆ ಹೋದ್ರಿ ಅಲ್ಲಿಗೆ?”

“ನೀನೇ ಅಲ್ವಾ ಮೆಸೇಜ್ ಮಾಡಿದ್ದು.”

“ಆಂಟಿಗೆ ನಿಜ ಹೇಳು ಅನ್ನಬಹುದಿತ್ತು.”

“ಅನ್ನಬಹುದಿತ್ತು.”

“ಮತ್ತೆ?”

“ಜನ ಆಡ್ಕೋಬಾರ್ದು ಅಂತ.”

“ಅಷ್ಟೇನಾ?”

“ಗೊತ್ತಿಲ್ಲ ಶುಭಾ. ಥ್ಯಾಂಕ್ಸ್‌ಗಿವಿಂಗ್‌ಗೆ ಹೇಳ್ಬೇಕು ತಾನೆ, ಅಲ್ಲಿವರೆಗೂ ಕೇಳ್ಬೇಡ.”

ತೊಂಬತ್ತು ದಿನ ಮುಗಿಯುವ ಹಿಂದಿನ ದಿನ ಹೊರಟೆ. ಅಲ್ಸಿರಾ ಚೀಲದಲ್ಲಿ ಚೆಸ್ಟ್‌ನಟ್ ಬೀಜ ತುಂಬಿಕೊಟ್ಟಳು, ಅದನ್ನು ಕಸ್ಟಮ್ಸಿನವರು ಇಟ್ಟುಕೊಂಡರು. ವಿಮಾನದಲ್ಲಿ ಎರಡೂ ಉತ್ತರಗಳನ್ನು ಮನಸ್ಸಿನಲ್ಲೇ ಹೇಳಿ ನೋಡಿದೆ, ಇರೋಣ ಎಂದೂ ಬೇಡ ಎಂದೂ. ಎರಡೂ ನನ್ನ ದನಿಯಲ್ಲೇ ಕೇಳಿಸಿದವು. ಮಾರಿಸ್‌ವಿಲ್ ಪಕ್ಕದ ವಿಮಾನ ನಿಲ್ದಾಣದಲ್ಲಿ ಗಿರೀಶ್ ನಿಂತಿದ್ದರು, ಗಡ್ಡ ತೆಗೆದಿದ್ದರು. ಸೂಟ್‌ಕೇಸನ್ನು ಕಾರಿಗೆ ಹಾಕಿದ ಮೇಲೆ ನಾನು ಹೇಳಿದೆ: “ಮೊದ್ಲು ವತ್ಸಲಾ ಆಂಟಿ ಮನೆಗೆ. ಅವರಿಗೆ ನಿಜ ಹೇಳ್ಬೇಕು. ಆಮೇಲೆ ನಮ್ಮದು.”

“ನಾನೂ ಒಳಗೆ ಬರ್ತೀನಿ. ಜಾಸ್ತಿ ಸುಳ್ಳು ಹೇಳಿದ್ದು ನಾನು.”

ಆಂಟಿಯ ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ಅಡುಗೆಮನೆಯ ಟೇಬಲ್ಲಿನ ಮುಂದೆ ನಮ್ಮನ್ನು ಕೂರಿಸಿ ಕಾಫಿ ಕೊಟ್ಟರು. ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಅವರು ಮುಸುರೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನಿಂತೇ ಕೇಳಿದರು.

“ಕೋವಿಡ್ ಇರ್ಲಿಲ್ವಾ?”

“ಇಲ್ಲ ಆಂಟಿ.”

“ಮನೇಲೇ ಇರ್ಲಿಲ್ವಾ?”

“ಇಲ್ಲ.”

“ಮತ್ತೆ ನನ್ನ ಸಾರು ಯಾರು ತಿಂದಿದ್ದು?”

“ನಾನು,” ಎಂದರು ಗಿರೀಶ್.

“ಐದು ದಿನಾನೂ?”

“ಐದು ದಿನಾನೂ.”

ಆಂಟಿ ನಗುತ್ತಾರೆಂದುಕೊಂಡೆ. ನಗಲಿಲ್ಲ. ಕುರ್ಚಿ ಎಳೆದು ಕೂತರು. ನನ್ನನ್ನು ಬಿಟ್ಟು ಗಿರೀಶ್ ಕಡೆ ತಿರುಗಿದರು.

“ಅವಳದ್ದು ಬಿಡು. ನೀನು ಕೊನೇ ಡಬ್ಬಿ ಕೊಡೋಕೆ ಬಂದು, ಇದೇ ಕುರ್ಚೀಲಿ ಕೂತ್ಕೊಂಡು ಅತ್ತಿದ್ಯಲ್ಲಪ್ಪ. ಅವಳು ಇಲ್ದಿದ್ರೆ ಆ ಮನೇಲಿ ನಂಗೆ ಏನು ಎಲ್ಲಿದೆ ಅಂತಾನೇ ಗೊತ್ತಾಗಲ್ಲ ಆಂಟಿ, ಅಂತ. ನಾನು ನಿನ್ನ ಬೆನ್ನು ಸವರಿದೆ. ಅದೂ ಸುಳ್ಳಾ?”

ಅಲ್ಲಿ ಕ್ಯಾಮೆರಾ ಇರಲಿಲ್ಲ. ಅದು ನನಗೆ ಕೇಳಿಸಲೆಂದು ಆಡಿದ ಮಾತಲ್ಲ. ನಾನು ಗಿರೀಶ್ ಮುಖ ನೋಡಿದೆ. ಅವರು ಕಾಫಿಯ ಲೋಟದ ಅಂಚನ್ನು ಬೆರಳಿನಿಂದ ಒರೆಸುತ್ತಿದ್ದರು.

“ಸುಳ್ಳು ಹೇಳ್ತಾ ಹೇಳ್ತಾ ಹಾಗಾಯ್ತು ಆಂಟಿ.”

“ಅದು ಉತ್ತರ ಅಲ್ಲ.”

“ಅಲ್ಲ,” ಎಂದು ಒಪ್ಪಿಕೊಂಡರು.

ಕೊನೆಯ ಡಬ್ಬಿಯ ದಿನ ಆಂಟಿ ಈರುಳ್ಳಿ ಹೆಚ್ಚುತ್ತಿದ್ದರು, ಅದಕ್ಕೆ ತಮ್ಮ ಕಣ್ಣಲ್ಲಿ ನೀರು ಬಂದದ್ದು, ಎನ್ನುವುದು ಗಿರೀಶ್ ಈಗಿನ ವಾದ. ನವರಾತ್ರಿಯ ಒಂಬತ್ತು ದಿನ ಆಂಟಿಯ ಮನೆಯಲ್ಲಿ ಈರುಳ್ಳಿ ಮುಟ್ಟುವುದಿಲ್ಲ. ಅದನ್ನು ನಾನು ಅವರಿಗೆ ಹೇಳಿಲ್ಲ.

ಹೊರಗೆ ಬಂದು ಕಾರಿನಲ್ಲಿ ಕೂತೆವು. ಸೂಟ್‌ಕೇಸು ಹಿಂದೆಯೇ ಇತ್ತು. ಆ ಕಾಲೊನಿಯ ದಾರಿ ಕೊನೆಯಲ್ಲಿ ಎರಡಾಗುತ್ತದೆ. ಎಡಕ್ಕೆ ತಿರುಗಿದರೆ ಸುತ್ತಿಕೊಂಡು ನಮ್ಮ ಗ್ಯಾರೇಜು, ಅಲ್ಲಿ ನನ್ನನ್ನು ಇಳಿಸಿ ಅವರು ಹೊರಡಬಹುದು. ಬಲಕ್ಕೆ ಹೋದರೆ ಹೆದ್ದಾರಿ, ಉತ್ತರಕ್ಕೆ ನಾಲ್ಕೂವರೆ ಗಂಟೆ, ಶ್ಯಾಂಟಿಲಿ. ಗಿರೀಶ್ ಕಾರು ನಿಲ್ಲಿಸಿ, ಎಡಕ್ಕಾ ಬಲಕ್ಕಾ ಎಂದು ಕೇಳಿದರು ಎಂದು ನನ್ನ ನೆನಪು. ಕೇಳಲೇ ಇಲ್ಲ, ನೀನೇ ಹೇಳಿದೆ, ಎಂದು ಅವರ ನೆನಪು. ನಾನು ಬಾಯಿ ಬಿಟ್ಟದ್ದು ನನಗೆ ನೆನಪಿಲ್ಲ. ಹಿಂದೆ ಒಂದು ಕಾರು ಬಂದು ಹಾರ್ನ್ ಮಾಡಿತು, ಅದು ಇಬ್ಬರಿಗೂ ನೆನಪಿದೆ. ಅಂದಿನಿಂದ ನಾವು ಶ್ಯಾಂಟಿಲಿಯಲ್ಲಿ ಇದ್ದೇವೆ, ಇಬ್ಬರೂ. ಆದ್ದರಿಂದ ಯಾರೋ ಒಬ್ಬರು ಬಲಕ್ಕೆ ಎಂದಿರಲೇಬೇಕು.